ಗಲ್ಲಾಪೆಟ್ಟಿಗೆಯ ನಕಲಿ ಕೀಲಿ: ಪರವಾನಗಿಯಿಲ್ಲದ ತಂತ್ರಾಂಶವೂ ವರ್ತಕರ ಲೆಕ್ಕಪತ್ರವೂ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಅಡತಿ ಅಂಗಡಿಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಕಿರ್ದಿ ಪುಸ್ತಕಗಳನ್ನು ಇಡುವ ಸಂಪ್ರದಾಯ ಇಂದಿಗೂ ಉಳಿದಿದೆ. ಲೆಕ್ಕ ಮಾತ್ರ ಪುಸ್ತಕದಿಂದ ಗಣಕಯಂತ್ರಕ್ಕೆ ಹೋಗಿ ಬಹಳ ಕಾಲವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಾಣಿಕೆಗೂ ಇ-ವೇ ಬಿಲ್ಲಿನ ವ್ಯವಸ್ಥೆಯಾಯಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹೀಗಾಗಿ ಜಿನ್ನಿಂಗ್ ಕಾರ್ಖಾನೆಯ ಮಾಲೀಕರಿಗೆ ಗಣಕಯಂತ್ರವು ತೂಕದ ಕಾಟಾದಷ್ಟೇ ಅನಿವಾರ್ಯವಾಗಿದೆ. ಜಲಾಶಯದಿಂದ ಹೆಸರಾದ ಹತ್ತಿಕುಣಿಯಂತಹ ಗ್ರಾಮದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವವರಿಗೂ ರಸಗೊಬ್ಬರ ಮಾರಲು ಪಿಓಎಸ್ ಯಂತ್ರ, ಲೆಕ್ಕ ಇಡಲು ಗಣಕ, ಹಣ ಕಳುಹಿಸಲು ನೆಟ್ ಬ್ಯಾಂಕಿಂಗ್ ಬೇಕೇ ಬೇಕು.

ಕಾಟಾದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ಎಂದು ವರ್ತಕರು ನೋಡಿಕೊಳ್ಳುತ್ತಾರೆ. ಗಣಕಯಂತ್ರದ ವಿಷಯದಲ್ಲಿ ಅಂತಹ ವಿಚಾರಣೆ ಅಪರೂಪ. ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಜೋಡಿಸಿದ ಗಣಕವೊಂದನ್ನು ಕೊಂಡಾಗ, ಅದರಲ್ಲಿ ವಿಂಡೋಸ್, ಆಫೀಸ್, ಟ್ಯಾಲಿ, ಕೋರೆಲ್‌ಡ್ರಾ, ಕನ್ನಡ ಅಕ್ಷರಗಳ ತಂತ್ರಾಂಶ ಎಲ್ಲವನ್ನೂ “ಹಾಕಿ” ಕೊಡುವುದು ಮಾರಾಟದ ಭಾಗವೆಂದೇ ಭಾವಿಸಲಾಗಿದೆ. ಬಿಲ್ಲಿನಲ್ಲಿ ಮಾನಿಟರ್, ಕೀಲಿಮಣೆ, ಯುಪಿಎಸ್‌ಗಳ ಬೆಲೆ ಇರುತ್ತದೆ. ತಂತ್ರಾಂಶದ ಸಾಲು ಇರುವುದಿಲ್ಲ. ಕೆಲವು ತಿಂಗಳ ನಂತರ ಪರದೆಯ ಮೂಲೆಯಲ್ಲಿ ವಿಂಡೋಸ್ ಸಕ್ರಿಯವಾಗಿಲ್ಲವೆಂಬ ಬರಹ ಮೂಡಿದರೆ ದುರಸ್ತಿಯ ಹುಡುಗನಿಗೆ ಫೋನು ಹೋಗುತ್ತದೆ. ಅವನು ಪೆನ್‌ಡ್ರೈವ್ ತಂದು, ಆ್ಯಂಟಿವೈರಸ್ಸನ್ನು ಆರಿಸಿ, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ, ಇನ್ನೂರೋ ಮುನ್ನೂರೋ ರೂಪಾಯಿ ಪಡೆದು ಹೋಗುತ್ತಾನೆ. ಆ ಎರಡು ನಿಮಿಷದಲ್ಲಿ ಗಣಕದೊಳಗೆ ನಡೆದದ್ದೇನು ಎಂಬುದನ್ನು ಹಣಕಾಸಿನ ವ್ಯವಹಾರ ಮಾಡುವವರು ತಿಳಿದಿರುವುದು ಅವಶ್ಯಕ.

ಬಿಸ್ಸಾ ನಂಬರಿನಿಂದ ಮುನೀಮನವರೆಗೆ

ಮೊದಲಿಗೆ ತಂತ್ರಾಂಶದ ಜೊತೆಗೆ ಒಂದು ಕ್ರಮಸಂಖ್ಯೆ ಬರುತ್ತಿತ್ತು. ಅದನ್ನು ಬೆರಳಚ್ಚಿಸಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಒಂದೇ ಸಂಖ್ಯೆಯನ್ನು ನೂರು ಮಂದಿ ಬಳಸಿದರೂ ತಯಾರಕರಿಗೆ ತಿಳಿಯುತ್ತಿರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ ಎಕ್ಸ್‌ಪಿಗಳೊಂದಿಗೆ ಮೈಕ್ರೋಸಾಫ್ಟ್ ಸಂಸ್ಥೆ ‘ಆಕ್ಟಿವೇಶನ್’ ಪದ್ಧತಿಯನ್ನು ವ್ಯಾಪಕವಾಗಿ ತಂದಿತು. ಗಣಕದ ಬಿಡಿಭಾಗಗಳ ಗುರುತನ್ನೂ ಕ್ರಮಸಂಖ್ಯೆಯನ್ನೂ ಸೇರಿಸಿ ಅಂತರಜಾಲ ಅಥವಾ ದೂರವಾಣಿಯ ಮೂಲಕ ಕಂಪನಿಯಲ್ಲಿ ನೋಂದಾಯಿಸುವುದು ಈ ಪದ್ಧತಿ. ಆದರೆ ನೂರಾರು ಗಣಕಗಳುಳ್ಳ ದೊಡ್ಡ ಸಂಸ್ಥೆಗಳಿಗೆ ಇದು ತೊಡಕೆಂದು ಅವುಗಳಿಗೆ ನೋಂದಣಿ ಬೇಡದ ಸಾಮೂಹಿಕ ಕೀಲಿಗಳನ್ನು ನೀಡಲಾಯಿತು. ಅಂತಹ ಒಂದು ಕೀಲಿ ಹೊರಗೆ ಸೋರಿ ಲೋಕದ ತುಂಬ ಹರಿದಾಡಿತು.

ಈ ಸೋರಿಕೆಯನ್ನು ತಡೆಯಲು ವಿಂಡೋಸ್ ವಿಸ್ತಾದ ಕಾಲದಲ್ಲಿ, ಅಂದರೆ 2006-07ರ ಸುಮಾರಿಗೆ, ಕೆಎಂಎಸ್ ಎಂಬ ಹೊಸ ವ್ಯವಸ್ಥೆ ಬಂದಿತು. ಇಂದಿನ ಬಹುಪಾಲು ಕಳ್ಳ ಸಲಕರಣೆಗಳು ಇದನ್ನೇ ಅನುಕರಿಸುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ದೊಡ್ಡ ಗಿರಣಿಯೊಂದರ ಪ್ರತಿ ಚೀಲಕ್ಕೂ ದೂರದ ಪ್ರಧಾನ ಕಚೇರಿಯಿಂದಲೇ ಮುದ್ರೆ ಒತ್ತಿಸುವುದು ಅಸಾಧ್ಯ. ಆದ್ದರಿಂದ ಪ್ರಧಾನ ಕಚೇರಿಯು ಗಿರಣಿಯ ಆವರಣದೊಳಗೇ ಒಬ್ಬ ಮುನೀಮನನ್ನು ನೇಮಿಸಿ ಅವನ ಕೈಗೆ ಮುದ್ರೆ ಕೊಡುತ್ತದೆ. ಕೆಎಂಎಸ್ ಸರ್ವರ್ ಎಂದರೆ ಆ ಮುನೀಮ. ಸಂಸ್ಥೆಯೊಳಗಿನ ಗಣಕಗಳು ಕಂಪನಿಯನ್ನು ಕೇಳುವ ಬದಲು ಈ ಮುನೀಮನನ್ನು ಕೇಳುತ್ತವೆ. ಕನಿಷ್ಠ 25 ಗಣಕಗಳಾದರೂ ಕೇಳಿಕೊಂಡು ಬಂದ ಮೇಲೆಯೇ ಅವನು ವಿಂಡೋಸ್‌ಗೆ ಮುದ್ರೆ ಹಾಕುತ್ತಾನೆ. ಆ ಮುದ್ರೆ 180 ದಿನಗಳ ಮಟ್ಟಿಗೆ ಮಾತ್ರ ಊರ್ಜಿತ. ಗಣಕವು ಸಾಮಾನ್ಯವಾಗಿ 7 ದಿನಗಳಿಗೊಮ್ಮೆ ಮತ್ತೆ ಮುನೀಮನನ್ನು ಸಂಪರ್ಕಿಸಿ ಅವಧಿಯನ್ನು ನವೀಕರಿಸಿಕೊಳ್ಳುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ಬಲಹೀನತೆ ಇದೆ. ಗಣಕವು ಮುನೀಮನ ಮಾತಿನ ಧಾಟಿಯನ್ನು ಪರೀಕ್ಷಿಸುತ್ತದೆಯೇ ಹೊರತು ಅವನನ್ನು ನೇಮಿಸಿದವರು ಯಾರೆಂದು ಪ್ರಧಾನ ಕಚೇರಿಯನ್ನು ವಿಚಾರಿಸುವುದಿಲ್ಲ. ಕೆಎಂಎಸ್‌ಪಿಕೋ, ಕೆಎಂಎಸ್‌ಆಟೋ ಮುಂತಾದ ಹೆಸರುಗಳಲ್ಲಿ ಹರಿದಾಡುವ ಸಲಕರಣೆಗಳು ಬಳಸಿಕೊಳ್ಳುವುದು ಇದನ್ನೇ. ಅವು ಅದೇ ಗಣಕದೊಳಗೆ ಒಬ್ಬ ಸೋಗಿನ ಮುನೀಮನನ್ನು ಕೂರಿಸುತ್ತವೆ. ಒಂದೇ ಗಣಕವಿರುವ ಅಂಗಡಿಯಲ್ಲಿ ಅವನು “ಇಲ್ಲಿ 25ಕ್ಕೂ ಹೆಚ್ಚು ಗಣಕಗಳಿವೆ” ಎಂದು ಹೇಳಿ ಮುದ್ರೆ ಹಾಕುತ್ತಾನೆ. ಮುದ್ರೆಗೆ 180 ದಿನಗಳ ಗಡುವು ಇರುವುದರಿಂದ ಒಮ್ಮೆ ಬಂದು ಹೋದರೆ ಸಾಲದು. ಆದ್ದರಿಂದ ಇಂತಹ ಅನೇಕ ಸಲಕರಣೆಗಳು ಗಣಕದಲ್ಲಿಯೇ ಬಿಡಾರ ಹೂಡಿ, ನಿಗದಿತ ವೇಳೆಗೆ ತಾವಾಗಿಯೇ ಎದ್ದು ಕೆಲಸ ಮಾಡುವಂತೆ ವ್ಯವಸ್ಥೆ ಮಾಡಿಕೊಳ್ಳುತ್ತವೆ. ದುರಸ್ತಿಯ ಹುಡುಗ ಎರಡು ನಿಮಿಷದಲ್ಲಿ ಹೋದನು. ಅವನು ತಂದವನು ಹೋಗಲಿಲ್ಲ.

ಬೇರೆ ಬಗೆಗಳೂ ಉಂಟು. ದೊಡ್ಡ ತಯಾರಕರು ಮಾರುವ ಗಣಕಗಳ ಮದರ್‌ಬೋರ್ಡಿನಲ್ಲಿ ಪರವಾನಗಿಯ ಗುರುತು ಅಡಕವಾಗಿರುತ್ತದೆ. ವಿಂಡೋಸ್ 7ರ ಕಾಲದಲ್ಲಿ ‘ಲೋಡರ್’ ಎಂಬ ಸಲಕರಣೆಗಳು ವಿಂಡೋಸ್ ಏಳುವ ಮುನ್ನವೇ ಎಚ್ಚೆತ್ತು ಆ ಗುರುತಿನ ನಕಲನ್ನು ತೋರಿಸುತ್ತಿದ್ದವು. ‘ಕೀಜೆನ್’ಗಳು ತಯಾರಕರ ಲೆಕ್ಕದ ಸೂತ್ರವನ್ನು ಅರಿತು ಹೊಸ ಕ್ರಮಸಂಖ್ಯೆಗಳನ್ನು ಹೆಣೆಯುತ್ತವೆ. ‘ಕ್ರ್ಯಾಕ್’ ಎನ್ನುವುದು ಮೂಲ ಕಡತವನ್ನೇ ತಿದ್ದಿ, ಪರವಾನಗಿ ಕೇಳುವ ಭಾಗವನ್ನು ನಿಷ್ಕ್ರಿಯಗೊಳಿಸುತ್ತದೆ.

ಅಪಾಯ ಎಲ್ಲಿದೆ?

“ಹತ್ತು ವರ್ಷದಿಂದ ಬಳಸುತ್ತಿದ್ದೇವೆ, ಏನೂ ಆಗಿಲ್ಲ” ಎಂಬ ಮಾತು ಪೇಟೆಯಲ್ಲಿ ಸಾಮಾನ್ಯ. ಅದು ಪೂರ್ತಿ ಸುಳ್ಳೂ ಅಲ್ಲ. ಮೇಲೆ ಹೇಳಿದ ಸಲಕರಣೆಗಳಲ್ಲಿ ಕೆಲವು ಪರವಾನಗಿಯನ್ನು ತಪ್ಪಿಸುವುದರ ಹೊರತು ಬೇರೇನನ್ನೂ ಮಾಡದಿರಬಹುದು. ಆದರೆ ಕೈಗೆ ಬಂದ ಪ್ರತಿ ಯಾವ ಕೈಗಳನ್ನು ದಾಟಿ ಬಂದಿದೆ ಎಂದು ತಿಳಿಯುವ ಬಗೆ ಇಲ್ಲ. ಇಂತಹ ಸರಕಿಗೆ ಅಧಿಕೃತ ಅಂಗಡಿಯಿಲ್ಲ, ಬಿಲ್ಲಿಲ್ಲ, ಮರಳಿಸುವ ವಿಳಾಸವಿಲ್ಲ. ಒಂದೇ ಹೆಸರಿನಲ್ಲಿ ಹತ್ತಾರು ಪ್ರತಿಗಳಿರುತ್ತವೆ. ಹೆಸರು ಪ್ರಸಿದ್ಧವಾದಷ್ಟೂ ಅದರ ಸೋಗು ಹಾಕುವವರು ಹೆಚ್ಚು.

ಇದಕ್ಕಿಂತ ಮುಖ್ಯವಾದದ್ದು ಅನುಮತಿಯ ಪ್ರಶ್ನೆ. ಪರವಾನಗಿಯ ವ್ಯವಸ್ಥೆಯನ್ನು ತಿದ್ದಬೇಕಾದರೆ ಸಲಕರಣೆಗೆ ಗಣಕದ ಸರ್ವಾಧಿಕಾರ ಬೇಕು. ಆ್ಯಂಟಿವೈರಸ್ ಅದನ್ನು ಹಿಡಿಯುತ್ತದೆಯಾದ್ದರಿಂದ ಮೊದಲು ಅದನ್ನು ಆರಿಸಲು ಹೇಳುತ್ತಾರೆ. ಬಳಿಕ ಆ ಕಡತಗಳನ್ನು ಎಂದೂ ಪರೀಕ್ಷಿಸಬಾರದೆಂದು ಆ್ಯಂಟಿವೈರಸ್‌ಗೆ ಸೂಚನೆ ಬರೆದಿಡುತ್ತಾರೆ. ಅಂದರೆ ಕಾವಲುಗಾರನನ್ನು ಮನೆಗೆ ಕಳುಹಿಸಿ, ಗೋದಾಮಿನ ಬೀಗದ ಗೊಂಚಲನ್ನು ಅಪರಿಚಿತನ ಕೈಗೆ ಕೊಟ್ಟು, ಅವನು ಕೂರುವ ಕೋಣೆಗೆ ಕಾವಲುಗಾರನು ಎಂದೂ ಇಣುಕಬಾರದೆಂದು ಕಟ್ಟಳೆ ಮಾಡಿದಂತಾಗುತ್ತದೆ. ಆ್ಯಂಟಿವೈರಸ್ಸಿನ ಎಚ್ಚರಿಕೆಯನ್ನು ಒಮ್ಮೆ ಕಡೆಗಣಿಸಿ ಅಭ್ಯಾಸವಾದ ಗುಮಾಸ್ತನು ಮುಂದೆ ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುತ್ತಾನೆ ಎಂಬುದು ಇದರ ಜೊತೆಗಿನ ನಷ್ಟ.

ಇದು ಊಹೆಯ ಮಾತಲ್ಲ. 2021ರ ಡಿಸೆಂಬರಿನಲ್ಲಿ ಅಮೆರಿಕದ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆಯು ಕೆಎಂಎಸ್‌ಪಿಕೋ ಹೆಸರಿನ ನಕಲಿ ಅನುಸ್ಥಾಪಕಗಳ ಜೊತೆಗೆ ಕ್ರಿಪ್ಟ್‌ಬಾಟ್ ಎಂಬ ಮಾಹಿತಿಗಳ್ಳ ತಂತ್ರಾಂಶ ಬರುತ್ತಿರುವುದನ್ನು ವಿವರಿಸಿತು. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳು, ಕಾರ್ಡಿನ ವಿವರಗಳು, ಲಾಗಿನ್ ಆಗಿರುವ ಗುರುತುಗಳನ್ನು ಹೊತ್ತೊಯ್ಯುವುದು ಅದರ ಕೆಲಸ. 2025ರ ಫೆಬ್ರವರಿಯಲ್ಲಿ ಎಕ್ಲೆಕ್ಟಿಕ್‌ಐಕ್ಯೂ ಎಂಬ ಸಂಸ್ಥೆಯು ಪ್ರಕಟಿಸಿದ ವರದಿಯಂತೆ, ರಷ್ಯದ ಸೇನಾ ಗುಪ್ತಚರ ವಿಭಾಗಕ್ಕೆ ಸೇರಿದ್ದೆಂದು ಹೇಳಲಾಗುವ ಸ್ಯಾಂಡ್‌ವರ್ಮ್ ಗುಂಪು ಉಕ್ರೇನಿನ ಗಣಕಗಳೊಳಗೆ ನುಸುಳಲು ವಿಷ ಬೆರೆಸಿದ ಕೆಎಂಎಸ್ ಸಲಕರಣೆಗಳನ್ನೇ ಬಳಸಿತು. ಯುದ್ಧದಲ್ಲಿ ತೊಡಗಿರುವ ದೇಶದ ಗೂಢಚಾರರೂ ನಂಬಿ ಆರಿಸಿಕೊಳ್ಳುವಷ್ಟು ಈ ದಾರಿ ಸುಲಭವಾಗಿದೆ. 2025ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯದ ಪೊಲೀಸರು ಲಿಥುವೇನಿಯಾದ ಒಬ್ಬ ವ್ಯಕ್ತಿಯನ್ನು ಜಾರ್ಜಿಯ ದೇಶದಿಂದ ಕರೆತಂದ ಸುದ್ದಿ ಬಂದಿತು. ಕೆಎಂಎಸ್‌ಆಟೋ ಸೋಗಿನಲ್ಲಿ ಸುಮಾರು 28 ಲಕ್ಷ ಗಣಕಗಳಿಗೆ ವಿಷತಂತ್ರಾಂಶ ಹರಡಿದ ಆರೋಪ ಅವನ ಮೇಲಿದೆ. ಹಣ ಕಳುಹಿಸುವವರು ನಕಲು ಮಾಡಿ ಅಂಟಿಸುವ ಕ್ರಿಪ್ಟೋ ಖಾತೆಯ ವಿಳಾಸವನ್ನು ಅದು ನಡುವೆಯೇ ಬದಲಿಸುತ್ತಿತ್ತು.

ಕ್ರಿಪ್ಟೋ ವ್ಯವಹಾರ ಯಾದಗಿರಿಯ ಪೇಟೆಗೆ ದೂರದ್ದು, ನಿಜ. ಆದರೆ ಇಲ್ಲಿಯ ಗಣಕಗಳಲ್ಲಿರುವುದು ಕಡಿಮೆ ಬೆಲೆಯ ಸರಕಲ್ಲ. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಏಕೀಕೃತ ಮಾರುಕಟ್ಟೆಯ ಟೆಂಡರು, ಬ್ಯಾಂಕು, ಇ-ಮೇಲ್ ಇವೆಲ್ಲದರ ಗುಪ್ತಪದಗಳನ್ನು ಬ್ರೌಸರಿನಲ್ಲಿಯೇ ಉಳಿಸಿಡುವುದು ಗುಮಾಸ್ತರ ರೂಢಿ. ಮಾಲೀಕನ ಡಿಜಿಟಲ್ ಸಹಿಯ ಟೋಕನ್ ದಿನವಿಡೀ ಯುಎಸ್‌ಬಿ ಕಿಂಡಿಯಲ್ಲಿಯೇ ಇರುತ್ತದೆ. ಅದರ ಪಿನ್ನು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ! ಇ-ಮೇಲ್ ಒಂದೇ ಕೈತಪ್ಪಿದರೂ ಸಾಕು. ಕಳ್ಳನು ವಾರಗಟ್ಟಲೆ ಸುಮ್ಮನೆ ಓದುತ್ತಾ ಕುಳಿತು, ಹತ್ತಿಯ ಬೇಲುಗಳ ಲಾರಿ ಹೊರಟ ದಿನ, ಖರೀದಿದಾರರಿಗೆ ಮಾಲೀಕನ ಹೆಸರಿನಲ್ಲಿಯೇ ಬರೆಯುತ್ತಾನೆ: ಬ್ಯಾಂಕು ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಕಳುಹಿಸಿ. ಸರಕು ತಲುಪುತ್ತದೆ, ಹಣ ಬೇರೆಡೆ ಸೇರುತ್ತದೆ. ಖರೀದಿದಾರನು ತಾನು ಹಣ ಕೊಟ್ಟಾಗಿದೆ ಎನ್ನುತ್ತಾನೆ, ಮಾರಿದವನು ಬಂದಿಲ್ಲ ಎನ್ನುತ್ತಾನೆ. ಈ ಬಗೆಯ ವಂಚನೆಯಲ್ಲಿ ಹಣದ ಜೊತೆಗೆ ಹಳೆಯ ಗಿರಾಕಿಯೂ ಹೋಗುವುದುಂಟು.

ಎರಡನೆಯ ಅಪಾಯ ಒತ್ತೆಯದು. 2018ರಿಂದ ಹರಡಿದ ಸ್ಟಾಪ್ ಅಥವಾ ಡಿಜೆವು ಎಂಬ ಒತ್ತೆ ತಂತ್ರಾಂಶವು ಮುಖ್ಯವಾಗಿ ಕ್ರ್ಯಾಕ್, ಕೀಜೆನ್, ಆಕ್ಟಿವೇಟರುಗಳ ಮೂಲಕವೇ ಜನರನ್ನು ತಲುಪಿತು. ಗಣಕದಲ್ಲಿರುವ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಳ್ಳಲು ಹಣ ಕೇಳುವುದು ಅದರ ರೀತಿ. ಅದರ ಗುರಿ ದೊಡ್ಡ ಕಂಪನಿಗಳಲ್ಲ. ಮನೆಗಳು, ಸಣ್ಣ ಅಂಗಡಿಗಳು. ಉದ್ರಿ ಕೊಟ್ಟ ರೈತರ ಮೂರು ವರ್ಷಗಳ ಖಾತೆ ಒಂದೇ ಗಣಕದಲ್ಲಿದ್ದು, ಅದರ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ, ವಸೂಲಿಗೆ ಹೋಗುವಾಗ ವರ್ತಕನ ಕೈಯಲ್ಲಿ ಉಳಿಯುವುದು ನೆನಪು ಮಾತ್ರ.

ಮೂರನೆಯದು ನಿಧಾನದ ಅಪಾಯ. ಕಳ್ಳತನ ಬಯಲಾದೀತೆಂಬ ಅಂಜಿಕೆಯಿಂದ ಇಂತಹ ಗಣಕಗಳಲ್ಲಿ ವಿಂಡೋಸ್ ಅಪ್‌ಡೇಟನ್ನು ನಿಲ್ಲಿಸಿಬಿಡುವುದು ರೂಢಿ. 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಒಂದು ತೂತನ್ನು ಮುಚ್ಚುವ ತೇಪೆಯನ್ನು ನೀಡಿತು. ಅದನ್ನು ಹಾಕಿಕೊಳ್ಳದ ಗಣಕಗಳನ್ನು ಅದೇ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಒತ್ತೆ ತಂತ್ರಾಂಶ ಹಿಡಿಯಿತು; ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಗಣಕಗಳೂ ಅದರಲ್ಲಿ ಸಿಲುಕಿದವು. ತೇಪೆ ಎರಡು ತಿಂಗಳ ಮೊದಲೇ ಉಚಿತವಾಗಿ ದೊರೆಯುತ್ತಿತ್ತು.

ಟ್ಯಾಲಿಯ ಮಾತು

ವಿಂಡೋಸ್ ಹೊರಗಿನದ್ದು, ಟ್ಯಾಲಿ ನಮ್ಮದೇ ರಾಜ್ಯದ್ದು. ಎಸ್. ಎಸ್. ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಸಂಸ್ಥೆಯು ಬೆಂಗಳೂರಿನಿಂದ ನಡೆಯುತ್ತಿದೆ. ವರ್ತಕನ ಲೆಕ್ಕಕ್ಕೆ ಸಂಕೇತ ಸಂಖ್ಯೆಗಳ ಗೊಂದಲ ಬೇಡ, ಖಾತೆಯ ಹೆಸರೇ ಸಾಕು ಎಂಬ ಸರಳತೆಯಿಂದ ಅದು ದೇಶದ ಮೂಲೆಮೂಲೆಗೆ ತಲುಪಿತು; ಅದರ ಕಳ್ಳಪ್ರತಿಗಳೂ ಅಷ್ಟೇ ದೂರ ತಲುಪಿದವು.

ಕಳ್ಳಪ್ರತಿಯ ಟ್ಯಾಲಿಯಿಂದ ಬರುವ ತೊಂದರೆ ವೈರಸ್ಸಿನದ್ದು ಮಾತ್ರವಲ್ಲ. ಕಡತವನ್ನು ತಿದ್ದಿ ಮಾಡಿದ ಪ್ರತಿಯು ಅಧಿಕೃತ ಹೊಸ ಆವೃತ್ತಿಗೆ ನವೀಕರಣಗೊಳ್ಳುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಂತೆ ತೆರಿಗೆಯ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ. ದರವನ್ನು ಕೈಯಿಂದ ತಿದ್ದಿಕೊಳ್ಳಬಹುದು. ರಿಟರ್ನಿನ ನಮೂನೆ, ಇ-ಇನ್‌ವಾಯ್ಸಿನ ಜೋಡಣೆಗಳನ್ನು ತಿದ್ದಿಕೊಳ್ಳಲಾಗದು. ಖಾಸಗಿ ನಿಯಮಿತ ಕಂಪನಿಯಾಗಿ ನೋಂದಣಿ ಮಾಡಿಸಿದ ಗಿರಣಿಗಳಿಗೆ ಇನ್ನೊಂದು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಕ್ಕೆ ತಂತ್ರಾಂಶ ಬಳಸುವುದಾದರೆ, ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವ, ಅದನ್ನು ಆರಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕು. ಹಳೆಯ ಟ್ಯಾಲಿಯ ಕಳ್ಳಪ್ರತಿಯಲ್ಲಿ ಈ ಸೌಲಭ್ಯ ಇರುವುದು ಹೇಗೆ? ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ಬರೆಯಲೇಬೇಕಾಗುತ್ತದೆ.

ಕಾಯ್ದೆ ಏನನ್ನುತ್ತದೆ

1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಮಾರುವವನನ್ನಲ್ಲ, ಬಳಸುವವನನ್ನು ಕುರಿತದ್ದು. ಕಳ್ಳಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟುಕೊಡಬಹುದು. ಈ ರಿಯಾಯಿತಿ ಮನೆಯಲ್ಲಿ ಓದುವ ವಿದ್ಯಾರ್ಥಿಗೆ ಸಿಕ್ಕೀತು, ಅಂಗಡಿಯವನಿಗೆ ಸಿಗುವುದು ಕಷ್ಟ. 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮಿನಂತೆ ರಕ್ಷಣೆಯ ತಾಂತ್ರಿಕ ಬೀಗವನ್ನು ಹಕ್ಕುಚ್ಯುತಿಯ ಉದ್ದೇಶದಿಂದ ಮುರಿಯುವುದೇ ಪ್ರತ್ಯೇಕ ಅಪರಾಧ. ಮಾರುವವರಿಗೂ ಎಚ್ಚರಿಕೆ ಇದೆ: ಗಣಕದೊಂದಿಗೆ ತಂತ್ರಾಂಶವನ್ನು ಪುಕ್ಕಟೆಯಾಗಿ ತುಂಬಿ ಮಾರುತ್ತಿದ್ದ ವ್ಯಾಪಾರಿಯೊಬ್ಬರ ವಿರುದ್ಧ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಮೈಕ್ರೋಸಾಫ್ಟಿಗೆ ಸುಮಾರು 20 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ವರ್ತಕರ ಪಕ್ಷದ ವಾದವನ್ನೂ ಹೇಳಬೇಕು. ದೊಡ್ಡ ನಗರದ ಕಂಪನಿಗೂ ಹತ್ತಿಕುಣಿಯ ಅಂಗಡಿಗೂ ತಂತ್ರಾಂಶದ ಬೆಲೆ ಒಂದೇ ಎಂಬುದು ನ್ಯಾಯವಾಗಿ ತೋರುವುದಿಲ್ಲ. ಕಳ್ಳಪ್ರತಿಗಳಿಂದಲೇ ಇಡೀ ಒಂದು ತಲೆಮಾರು ಈ ತಂತ್ರಾಂಶಗಳನ್ನು ಕಲಿತಿತು. ಆ ಅಭ್ಯಾಸದ ಲಾಭ ತಯಾರಕರಿಗೂ ತಲುಪಿತು. ಬಿಎಸ್‌ಎ ಎಂಬ ತಯಾರಕರ ಒಕ್ಕೂಟದ ಸಮೀಕ್ಷೆಯೇ 2017ರಲ್ಲಿ ಭಾರತದ ತಂತ್ರಾಂಶಗಳಲ್ಲಿ ಶೇ. 56ರಷ್ಟು ಪರವಾನಗಿ ಇಲ್ಲದವೆಂದು ಅಂದಾಜಿಸಿತ್ತು. ಆದರೆ ಬೆಲೆಯ ಅನ್ಯಾಯ ಎಷ್ಟೇ ನಿಜವಾಗಿದ್ದರೂ ಬ್ರೌಸರಿನಿಂದ ಹೋದ ಗುಪ್ತಪದವನ್ನು ಅದು ಮರಳಿ ತರುವುದಿಲ್ಲ.

ಮಾಡಬೇಕಾದದ್ದು

ಮೊದಲು ಪರೀಕ್ಷೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಎಂಬ ಪುಟವಿದೆ. ಒಂಟಿ ಗಣಕವಿರುವ ಅಂಗಡಿಯಲ್ಲಿ ಆ ಪುಟವು “ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆಯ ಮೂಲಕ ಸಕ್ರಿಯವಾಗಿದೆ” ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ತೋರಿಸಿದರೆ, ಇಲ್ಲದ ಸಂಸ್ಥೆಯ ಇಲ್ಲದ ಮುನೀಮನೇ ಮುದ್ರೆ ಹಾಕಿದ್ದಾನೆಂದು ತಿಳಿಯಬೇಕು. ಆ್ಯಂಟಿವೈರಸ್‌ನಲ್ಲಿ ‘ಪರೀಕ್ಷಿಸಬೇಡ’ ಎಂದು ಗುರುತಿಸಿದ ಕಡತಗಳ ಪಟ್ಟಿಯನ್ನೂ ತೆರೆದು ನೋಡಬೇಕು. ಅಂಗಡಿಯ ಗಣಕದಲ್ಲಿ ಅದು ಸಾಮಾನ್ಯವಾಗಿ ಖಾಲಿ ಇರತಕ್ಕದ್ದು.

ಇಂತಹ ಸಲಕರಣೆ ಸಿಕ್ಕಿದರೆ ಅದನ್ನಷ್ಟೇ ಅಳಿಸಿ ನಿಶ್ಚಿಂತರಾಗುವಂತಿಲ್ಲ. ಟ್ಯಾಲಿಯ ಡೇಟಾ, ಬಿಲ್ಲುಗಳು, ಪತ್ರಗಳನ್ನು ಬೇರೆ ಡಿಸ್ಕಿಗೆ ತೆಗೆದು, ಗಣಕವನ್ನು ಪೂರ್ತಿ ಅಳಿಸಿ, ಹೊಸದಾಗಿ ತಂತ್ರಾಂಶ ಹಾಕಿಸುವುದೇ ಸರಿ. ಗುಪ್ತಪದಗಳನ್ನೆಲ್ಲ ಬದಲಿಸಬೇಕು, ಅದನ್ನು ಆ ಗಣಕದಲ್ಲಿ ಅಲ್ಲ, ನಂಬಿಕೆಯ ಬೇರೊಂದು ಸಾಧನದಲ್ಲಿ ಮಾಡಬೇಕು.

ಹೊಸ ಗಣಕ ಕೊಳ್ಳುವಾಗ ಬಿಲ್ಲಿನಲ್ಲಿ ವಿಂಡೋಸ್‌ಗೆ ಪ್ರತ್ಯೇಕ ಸಾಲು ಕೇಳಬೇಕು, ಅಥವಾ ತಯಾರಕರೇ ವಿಂಡೋಸ್ ಸಹಿತ ಕೊಡುವ ಗಣಕವನ್ನು ಆರಿಸಬೇಕು. ತಂತ್ರಾಂಶಕ್ಕೆ ಜಿಎಸ್‌ಟಿ ಶೇ. 18ರಷ್ಟಿದ್ದು, ತೆರಿಗೆಗೆ ಒಳಪಟ್ಟ ವ್ಯವಹಾರಕ್ಕೆ ಬಳಸುವ ನೋಂದಾಯಿತ ವರ್ತಕರು ಅದರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ಕಳ್ಳಪ್ರತಿಗೆ ಬಿಲ್ಲೂ ಇಲ್ಲ, ಜಮೆಯೂ ಇಲ್ಲ. ಕೆಲವು ನೂರು ರೂಪಾಯಿಗೆ ಅಂತರಜಾಲದಲ್ಲಿ ಮಾರಾಟವಾಗುವ ‘ಅಸಲಿ ಕೀಲಿ’ಗಳ ಬಗ್ಗೆಯೂ ಜಾಗರೂಕರಾಗಿರಬೇಕು. ಅವುಗಳಲ್ಲಿ ಬಹಳಷ್ಟು ಬೇರೆ ಸಂಸ್ಥೆಗಳಿಗೆ ಕೊಟ್ಟ ಸಾಮೂಹಿಕ ಕೀಲಿಗಳಾಗಿದ್ದು ಯಾವಾಗ ಬೇಕಾದರೂ ರದ್ದಾಗಬಹುದು.

ಎಲ್ಲಕ್ಕೂ ಹಣ ತೆರಬೇಕಾಗಿಲ್ಲ. ಪತ್ರವ್ಯವಹಾರ, ಕೊಟೇಶನ್, ಸಾಧಾರಣ ಪಟ್ಟಿಗಳಿಗೆ ಲಿಬ್ರೆಆಫೀಸ್ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿ ಬರೆಯಲು ಕನ್ನಡ ಗಣಕ ಪರಿಷತ್ತಿನ ನುಡಿ ಇದೆ. ಬಿಲ್ಲು, ಕರಪತ್ರಗಳ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಇದೆ. ಕೋರೆಲ್‌ಡ್ರಾ ಪಳಗಿದವರಿಗೆ ಕೆಲವು ದಿನ ಕೈ ತಡವರಿಸೀತು. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಸಣ್ಣ ಅಂಗಡಿಯ ಕಾವಲಿಗೆ ಸಾಕು, ಯಾರೂ ಅದನ್ನು ಆರಿಸದಿದ್ದರೆ. ಡಿಜಿಟಲ್ ಸಹಿ, ಟ್ಯಾಲಿ ಮತ್ತು ಕೆಲವು ಸರ್ಕಾರಿ ನಮೂನೆಗಳಿಗೆ ವಿಂಡೋಸ್ ಬೇಕಾಗುವುದರಿಂದ ಪೂರ್ತಿ ಲಿನಕ್ಸಿಗೆ ಹೋಗುವುದು ಎಲ್ಲರಿಗೂ ಸಾಧ್ಯವಾಗದು. ಬ್ಯಾಂಕು ಮತ್ತು ತೆರಿಗೆಯ ಕೆಲಸಕ್ಕೆ ಒಂದು ಗಣಕವನ್ನು ಮೀಸಲಿಟ್ಟು, ಅದಕ್ಕೆ ಮಾತ್ರ ಅಸಲಿ ಪರವಾನಗಿ ಕೊಂಡು, ಉಳಿದವುಗಳಲ್ಲಿ ಲಿನಕ್ಸ್ ಹಾಕುವುದು ಗಿರಣಿಗಳಿಗೆ ಹೊಂದುವ ಮಧ್ಯಮಮಾರ್ಗ. ಹಳೆಯ ಗಣಕಗಳನ್ನೂ ಲೆಕ್ಕ ಹಾಕಬೇಕು: ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದೂ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೂ ಮುಗಿದಿವೆ.

ಲೆಕ್ಕದ ಪ್ರತಿಯನ್ನು ಎರಡು ಹೊರಡಿಸ್ಕುಗಳಲ್ಲಿ ಇಡಬೇಕು. ಒಂದನ್ನು ಅಂಗಡಿಯಲ್ಲಿ ಪ್ರತಿಗೆ ಬಳಸುವಾಗ ಇನ್ನೊಂದು ಮನೆಯ ಕಪಾಟಿನಲ್ಲಿರಲಿ. ವಾರಕ್ಕೊಮ್ಮೆ ಅದಲುಬದಲು ಮಾಡಲಿ. ಗಣಕಕ್ಕೆ ಸದಾ ಜೋಡಿಸಿಟ್ಟ ಡಿಸ್ಕನ್ನು ಒತ್ತೆ ತಂತ್ರಾಂಶವು ಗಣಕದೊಂದಿಗೇ ನುಂಗುತ್ತದೆ.

ಖಾತೆಯಿಂದ ಹಣ ಹೋದದ್ದು ಕಂಡರೆ ಮೊದಲು ಬ್ಯಾಂಕಿಗೆ, ಕೂಡಲೇ 1930 ಸಹಾಯವಾಣಿಗೆ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಬ್ಯಾಂಕಿನದ್ದೂ ಗ್ರಾಹಕನದ್ದೂ ಅಲ್ಲದ ಲೋಪದಿಂದ ಹಣ ಹೋಗಿ, ಗ್ರಾಹಕನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ಹೊಣೆಯಿಲ್ಲವೆಂದಿತು. ಗ್ರಾಹಕನದೇ ನಿರ್ಲಕ್ಷ್ಯವಾದರೆ, ಅವನು ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟವೆಲ್ಲ ಅವನದೇ ಎಂದೂ ಅದೇ ಸುತ್ತೋಲೆ ಹೇಳಿತು. ಆ್ಯಂಟಿವೈರಸ್ಸನ್ನು ಆರಿಸಿ ಕಳ್ಳ ಸಲಕರಣೆ ಹಾಕಿಸಿದ ಗಣಕದಿಂದ ಗುಪ್ತಪದ ಹೋಗಿದ್ದರೆ ಅದನ್ನು ಯಾರ ಲೋಪವೆಂದು ಬ್ಯಾಂಕು ವಾದಿಸೀತೆಂಬುದನ್ನು ಊಹಿಸುವುದು ಕಷ್ಟವಲ್ಲ.